ಭೀಮಸೇನರ ಮರದ ಮೊದಲ ಸೇಬು

"ಮರದಾಗ ಒಂದೂ ಉಳಿದಿಲ್ಲರಿ!" ಭೀಮಸೇನರು ಗೇಟಿನಲ್ಲೇ ನಿಂತು ಕೂಗಿದರು.

ಆ ಜೂನ್ ಭಾನುವಾರ ಅಮೆರಿಕದ ಟೆಕ್ಸಸ್‌ನ ರೌಂಡ್ ರಾಕ್ ಊರಿನ ನಾವು ಕೆಲವು ಕನ್ನಡಿಗರು ಹಿತ್ತಿಲಲ್ಲಿ ಬೆಳೆದ ಸೇಬುಗಳ ರುಚಿ ಹೋಲಿಸಲು ಅವರ ಮನೆಯಲ್ಲಿ ಸೇರುವವರಿದ್ದೆವು. ಅವರ ಆ್ಯನಾ ತಳಿಯ ಸೇಬಿನ ಮರ ಮೊದಲ ಸಲ ಕಾಯಿ ಬಿಟ್ಟಿತ್ತು. ಅದನ್ನು ನೆಟ್ಟಿದ್ದ ಅವರ ಹೆಂಡತಿ ಹೂವನ್ನೂ ನೋಡದೆ ತೀರಿಕೊಂಡಿದ್ದರು.

ಅನಸೂಯ ಆಂಟಿ ನನ್ನ ಕಾರಿನಿಂದಿಳಿದು ನೇರ ಹಿತ್ತಿಲಿಗೆ ನಡೆದರು. ಸಸ್ಯಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು. ನಮ್ಮ ಬಡಾವಣೆಯಲ್ಲಿ ಏನೇ ಕಳೆದರೂ ಕರೆ ಬರುವುದು ಅವರಿಗೆ, ಡ್ರೈವ್ ಮಾಡುವುದು ನಾನು.

"ಅಳಿಲು ಇರ್ಬೇಕು," ಎಂದೆ.

"ಅಳಿಲು ಅರ್ಧ ಕಚ್ಚಿ ಬಿಸಾಕತ್ತೆ, ಪ್ರಗತಿ. ಇಲ್ಲಿ ಚೂರೂ ಬಿದ್ದಿಲ್ಲ. ಹುಳುಕುಕಾಯಿ ಕೂಡ ಬಿಟ್ಟಿಲ್ಲ ನೋಡು."

ಬೇಲಿಯ ಕಡೆಯ ಎಲೆಗಳ ಮೇಲೆ ಬಿಳಿ ಕಲೆಗಳಿದ್ದವು. ಮನೆಯ ಕಡೆಯವು ಶುಭ್ರ. ಬೇಲಿಯಾಚೆ ಪಕ್ಕದ ಮನೆಯ ಶ್ರಾವಣಿಯ ಸೇಬಿನ ಮರ ಹಣ್ಣಿನ ಭಾರಕ್ಕೆ ಬಾಗಿತ್ತು.

ಒಳಗೆ ನಮ್ಮ ಗುಂಪಿನ ಸುಪ್ರಜಾ ತನ್ನ ಡಾರ್ಸೆಟ್ ಗೋಲ್ಡನ್ ತಳಿಯ ಸೇಬು ಹೆಚ್ಚಿಟ್ಟಿದ್ದಳು: ಜೇನಿನಂಥ ಸಿಹಿ, ತುಸು ಹಿಟ್ಟುಹಿಟ್ಟು. ಪ್ರತಾಪನ ಐನ್ ಶೆಮರ್ ಸೇಬು ಹುಳಿ, ಆದರೆ ಗರಿಗರಿ. "ನಮ್ಮದು ಔಷಧ ಸೋಕದ ಹಣ್ಣು" ಎಂದು ಸದಾ ಹೆಮ್ಮೆಪಡುವ ಶ್ರಾವಣಿ ಮಾತ್ರ ಚಿತ್ರಾನ್ನ ತಂದಿದ್ದಳು.

ಆಂಟಿ ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿದರು.

"ತಿನ್ನೋ ಆಸೆಗೆ ಕಿತ್ತವರು ಹುಳುಕು ಬಿಟ್ಟುಹೋಗ್ತಾರೆ. ಇದನ್ನ ಯಾರೂ ತಿನ್ನಬಾರದು ಅಂತ ಕಿತ್ತಿದ್ದಾರೆ. ಎಲೆ ಮೇಲಿರೋದು ಔಷಧದ ಕಲೆ, ಬೇಲಿ ಕಡೆ ಮಾತ್ರ. ಅಂದ್ರೆ ಆಚೆ ಮನೆಯಿಂದ ಗಾಳಿಗೆ ಹಾರಿದ್ದು. ಶ್ರಾವಣಿ, ನಿನ್ನ ಮರದ ತುಂಬ ಹಣ್ಣಿದೆ. ಒಂದೂ ಯಾಕೆ ತರ್ಲಿಲ್ಲ?"

ಶ್ರಾವಣಿ ಚಿತ್ರಾನ್ನದ ಸೌಟನ್ನು ಪಾತ್ರೆಯಲ್ಲಿಟ್ಟಳು.

"ಹುಳ ಬಿತ್ತು ಅಂತ ಹೊಡೆದೆ, ಆಂಟಿ. ಕೀಳೋ ಹೊತ್ತಲ್ಲಿ ಹೊಡೀಬಾರದು ಅಂತ ಡಬ್ಬಿ ಮೇಲಿದ್ದದ್ದನ್ನ ಆಮೇಲೆ ಓದಿದೆ. ಗಾಳಿಗೆ ಅಂಕಲ್ ಮರಕ್ಕೂ ಔಷಧ ಬಿದ್ದಿತ್ತು. ಯಾವ ಕಾಯಿಗೆ ಬಿತ್ತೋ ಗೊತ್ತಾಗ್ಲಿಲ್ಲ, ಇವತ್ತು ನೀವೆಲ್ಲ ತಿಂತೀರಿ ಅಂತ ಹೆದರಿ, ಅವರು ವಾಕಿಂಗ್ ಹೋದಾಗ ಎಲ್ಲಾ ಕಿತ್ತು ಕಸಕ್ಕೆ ಹಾಕಿದೆ. ಔಷಧಾನೇ ಮುಟ್ಟಲ್ಲ ಅಂತ ಎಲ್ರಿಗೂ ಹೇಳ್ಕೊಂಡಿದ್ನಲ್ಲ... ನಿಜ ಹೇಳೋಕೆ ಬಾಯಿ ಬರ್ಲಿಲ್ಲ."

ಭೀಮಸೇನರು ಕಿಟಕಿಯಾಚೆಯ ಮರದ ಕಡೆ ನೋಡಿದರು. "ಒಂದ್ ಮಾತ್ ಹೇಳಿದ್ರ ನಾನ ಕಿತ್ತು ಒಗೀತಿದ್ದೆ, ತಂಗಿ. ಅಕಿ ನೆಟ್ಟ ಗಿಡ. ನನ್ನ ಕೈಲೆ ಕೀಳಬೇಕಿತ್ತು."

ಆಮೇಲೆ ಪ್ರತಾಪನ ಸೇಬಿನ ಹೋಳೊಂದನ್ನು ತಾವೇ ಅವಳ ತಟ್ಟೆಗೆ ಹಾಕಿದರು. ಅವಳು ಅಗಿಯುತ್ತಲೇ ಅತ್ತಳು, ಸ್ವಲ್ಪ ಹೊತ್ತಿಗೆಲ್ಲ ಎದ್ದು ಮನೆಗೆ ಹೋದಳು. ರುಚಿಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಹಿಂದಿರುಗುವಾಗ ಆಂಟಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. "ಅವಳೊಬ್ಬಳನ್ನೇ ಕರೆದು ಕೇಳಬಹುದಿತ್ತು. ನನಗೆ ಎಲ್ಲರ ಮುಂದೆ ಬಿಡಿಸಿ ಹೇಳೋ ಚಪಲ," ಎಂದರು. ಮುಂದಿನ ತಿರುವು ಬರುತ್ತಲೇ, "ಕಾರು ತಿರುಗಿಸು."

ಶ್ರಾವಣಿಯ ಮನೆಯೆದುರು ನಿಲ್ಲಿಸಿದೆ. ಆಂಟಿ ಒಬ್ಬರೇ ಇಳಿದು ಹೋಗಿ ಬಾಗಿಲು ತಟ್ಟಿದರು.