ವೇಣಿಯ ಮುಖಕ್ಕೆ ಎರಡು ಪಾಯಿಂಟ್ ಕಪ್ಪು

“ಇದ್ರಲ್ಲಿ ಮಗು ಮುಖ ಎಲ್ಲಿದೆ, ಸ್ವಲ್ಪ ತೋರಿಸ್ತೀರಾ ಮೇಡಂ?”

ಕೌಂಟರಿನ ಮೇಲೆ ಫೋಟೋಗಳ ಕಟ್ಟು ಬಿದ್ದ ಸದ್ದಿಗೆ ಶಿವಗಂಗಾ ಪ್ರಿಂಟಿಂಗ್ ಮೆಷಿನ್ನಿನಿಂದ ತಲೆಯೆತ್ತಿದಳು. ಎದುರಿಗೆ ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡ ಯುವಕ. ಕಣ್ಣಲ್ಲಿ ಕೆಂಡದಂಥ ಸಿಟ್ಟು, ದನಿ ಮಾತ್ರ ಮೆತ್ತಗೆ.

ಹೆಬ್ಬಗೋಡಿಯ ಆ ಕಲರ್ ಲ್ಯಾಬಿಗೆ ಜಗಳ ಹೊಸದಲ್ಲ. ಹೊಸೂರು ರಸ್ತೆಯಲ್ಲಿ ಫ್ಲೈಓವರ್ ಕಟ್ಟುತ್ತಿದ್ದ ಕಾಲ ಅದು. ಡಿಜಿಟಲ್ ಕ್ಯಾಮೆರಾ ಕೊಂಡವರೆಲ್ಲ ಸ್ಟುಡಿಯೋ ತೆರೆದಿದ್ದರು. ಸಿ.ಡಿ. ಹಿಡಿದು ಇಲ್ಲಿಗೇ ಬರುತ್ತಿದ್ದರು, ಪ್ರಿಂಟ್ ಕಪ್ಪಾಯಿತೆಂದು ಇಲ್ಲಿಗೇ ಬಂದು ಬೈಯುತ್ತಿದ್ದರು. ಆದರೆ ಇಷ್ಟು ಮೆಲ್ಲಗೆ ಬೈಯುವವನನ್ನು ಅವಳು ನೋಡಿರಲಿಲ್ಲ.

“ನಾಮಕರಣದ ಫೋಟೋ ಕಣ್ರೀ. ನನ್ನ ಕಂಪ್ಯೂಟರಲ್ಲಿ ಬೆಳ್ಳಗೆ ಹೊಳೀತಿತ್ತು. ನೀವು ಕತ್ತಲೆ ಮಾಡಿ ಕೊಟ್ಟಿದೀರ.”

“ಮಾನಿಟರ್ ಬ್ರೈಟ್‌ನೆಸ್ ಎಷ್ಟಕ್ಕ ಇಟ್ಟೀರಿ?”

“ಫುಲ್ಲು. ಯಾಕೆ?”

“ಅಲ್ಲೇ ಐತ್ರಿ ತಪ್ಪು. ಕಾಗದಕ್ಕ ಸ್ವಂತ ಬೆಳಕು ಇರೂದಿಲ್ಲ. ಕಪ್ಪಾಗಿದ್ದ ಫೋಟೋನೂ ನಿಮ್ಮ ಮಾನಿಟರ್ ಬೆಳ್ಳಗ ತೋರಸ್ತದ. ಅದನ್ನ ನಂಬಿ ಕಳಸ್ತೀರಿ, ಆಮ್ಯಾಲ ನಮ್ಮನ್ನ ಬೈತೀರಿ.”

ಅವನು ಪ್ರಿಂಟನ್ನು ತಿರುಗಿಸಿ ಮುರುಗಿಸಿ ನೋಡಿದ. ಆಮೇಲೆ ಸಿಟ್ಟನ್ನೆಲ್ಲ ಬಿಟ್ಟು, “ಮತ್ತೆ ಏನ್ ಮಾಡ್ಲಿ, ನೀವೇ ಹೇಳಿ” ಅಂದ.

ಸೋತವನ ಹಾಗಲ್ಲ, ಕಲಿಯಬೇಕೆಂದೇ ಕೇಳಿದ್ದ. ಶಿವಗಂಗಾಳ ಎದೆಯಲ್ಲಿ ಏನೋ ಒಂಚೂರು ಜಾರಿತು.

“ದಿನಾ ನೋಡೂ ಮುಖದ ಒಂದು ಫೋಟೋ ತರ್ರಿ. ಏನೂ ಬದಲ್ ಮಾಡ್ದ ಪ್ರಿಂಟ್ ಹಾಕಿ ಕೊಡ್ತೀನಿ. ಹಗಲ ಬೆಳಕಿನ್ಯಾಗ ಆ ಪ್ರಿಂಟು ಮಾನಿಟರ್ ಪಕ್ಕ ಹಿಡೀರಿ. ಎರಡೂ ಒಂದ ಥರಾ ಕಾಣೂ ತನಕ ಬ್ರೈಟ್‌ನೆಸ್ ಇಳಸ್ರಿ. ದಿನಾ ನೋಡೂ ಮುಖ ಆದ್ರ ಬಣ್ಣ ಎಲ್ಲಿ ತಪ್ಪೇತಿ ಅಂತ ಕಣ್ಣಿಗೆ ಗೊತ್ತಾಗ್ತದ.”

ಈ ಮಾತಿಗೆ ಮುಂದೆ ತಾನೇ ಎಷ್ಟು ಹೊಟ್ಟೆ ಉರಿದುಕೊಳ್ಳಬೇಕಾಗುತ್ತದೆಂದು ತಿಳಿದಿದ್ದರೆ, ಪಾಪ, ಗೋಡೆಯ ಫೋಟೋ ತರ್ರಿ ಎನ್ನುತ್ತಿದ್ದಳೇನೋ.

ಅವನ ಹೆಸರು ಮುರಳಿ. ಹುಸ್ಕೂರು ಗೇಟಿನ ಬಳಿ ಸ್ಟುಡಿಯೋ. ಹುಟ್ಟಿ ಬೆಳೆದದ್ದೂ ಅಲ್ಲೇ. ವಾರದೊಳಗೆ ಸಿ.ಡಿ. ತಂದ. ಪರದೆಯ ಮೇಲೆ ಒಬ್ಬ ಹುಡುಗಿ ನಗುತ್ತಿದ್ದಳು. ಹಸಿರು ಸೀರೆ, ಮುಡಿಯಲ್ಲಿ ಮಲ್ಲಿಗೆ, ಹಿಂದೆ ಹೊಲಿಗೆ ಯಂತ್ರ.

“ಯಾರ್ರಿ ಇವರು?” ಕೇಳಬಾರದೆಂದುಕೊಂಡೇ ಕೇಳಿದಳು.

“ವೇಣಿ. ನೀವೇ ಹೇಳಿದ್ರಲ್ಲ, ದಿನಾ ನೋಡೋ ಮುಖ ಅಂತ.”

*ಓಹೋ... ದಿನಾ ನೋಡ್ತಾನಂತ.*

ಅಲ್ಲಿಂದ ಶುರುವಾಯಿತು. ಒಂದು ಪ್ರಿಂಟಿಗೆ ಮುಗಿಯಬೇಕಾದ ಕೆಲಸ ಮುಗಿಯಲೇ ಇಲ್ಲ. ಮುರಳಿ ಮತ್ತೆ ಬಂದ, ಮತ್ತೆ ಬಂದ, ಅದೇ ವೇಣಿಯನ್ನು ಹೊತ್ತುಕೊಂಡು. ಒಮ್ಮೆ ಅವಳ ತುಟಿ ಇಷ್ಟು ಕೆಂಪಿಲ್ಲ ಎನ್ನುತ್ತಿದ್ದ, ಇನ್ನೊಮ್ಮೆ ಸೀರೆ ನೀಲಿಗೆ ತಿರುಗಿದೆ ಎನ್ನುತ್ತಿದ್ದ. ಬಂದವನು ಬೇಗ ಹೋಗುತ್ತಲೂ ಇರಲಿಲ್ಲ. ಸ್ಟೂಲು ಎಳೆದುಕೊಂಡು ಕೂತು, ಊಟ ಆಯ್ತಾ, ನಿಮ್ಮ ಕೊಪ್ಪಳದ ಕಡೆ ಈಗ ಬಿಸಿಲಾ, ಎಂದು ಕೇಳುತ್ತಿದ್ದ. ಅವಳ ಕೈ ಕೆಲಸ ಮಾಡುತ್ತಿತ್ತು, ಕಿವಿ ಅವನಲ್ಲೇ ಇರುತ್ತಿತ್ತು. ಪರದೆಯ ಮೇಲೆ ಮಾತ್ರ ವೇಣಿ ಹಲ್ಲು ಬಿಟ್ಟುಕೊಂಡು ಕೂತಿರುತ್ತಿದ್ದಳು.

ಒಂದು ಮಧ್ಯಾಹ್ನ ಪ್ರಿಂಟ್ ಕೈಗೆ ಬರುತ್ತಿದ್ದಂತೆ ಅವನು ಫೋನ್ ತೆಗೆದ.

“ವೇಣಿ, ಬಾಗ್ಲಲ್ಲೇ ಕೂತಿರು. ಅದೇ ಹಸಿರು ಸೀರೇಲಿ. ಬಿಸಿಲು ಇಳಿಯೋ ಮುಂಚೆ ಬಂದ್ಬಿಡ್ತೀನಿ.”

ಶಿವಗಂಗಾಳಿಗೆ ಮೈಯೆಲ್ಲ ಉರಿದು ಹೋಯಿತು. *ಸೀರಿ ಸುದ್ದಾ ಇವನ ಹೇಳಬೇಕೇನು?* ಫೋಟೋದ ಪಕ್ಕ ಹಿಡಿದು ನೋಡಲು ಅದೇ ಸೀರೆ ಬೇಕಾಗುತ್ತದೆಂದು ಲ್ಯಾಬಿನಲ್ಲಿ ಕೆಲಸ ಮಾಡುವ ಅವಳಿಗೆ ಹೊಳೆಯಬೇಕಿತ್ತು. ಹೊಟ್ಟೆಕಿಚ್ಚು ಬಂದವರಿಗೆ ಹೊಳೆಯುವುದು ಬೇರೆಯೇ.

ಆ ಸಂಜೆ ಬಾಡಿಗೆ ರೂಮಿನಲ್ಲಿ ಚಿಕ್ಕವ್ವ ಶೇಖವ್ವ ಸಾರಿನ ರುಚಿ ನೋಡಿ ಮುಖ ಕಿವುಚಿದಳು. “ಉಪ್ಪು ಎರಡು ಸಲ ಹಾಕೀಯಲ್ಲ. ಯಾರ ಮ್ಯಾಲ ಸಿಟ್ಟು?”

“ಯಾರ ಮ್ಯಾಲೂ ಇಲ್ಲ.”

“ಫೋಟೋದವ ಇವತ್ತೂ ಬಂದಿದ್ನೇನು?”

“ಬಂದ್ರ ಬರ್ಲಿ ಬಿಡು. ಅವಗ ನಾನು ಒಂದು ಮೆಷಿನ್ ಇದ್ದಂಗ.” ಶೇಖವ್ವ ಮತ್ತೆ ಕೇಳದೆ ತಟ್ಟೆಗೆ ಮೊಸರು ಬಡಿಸಿದಳು.

ಮುಂದಿನ ಸಲ ಅವನು ಬಂದಾಗ ಶಿವಗಂಗಾ ಮಾಡಬಾರದ ಕೆಲಸ ಮಾಡಿಯೇಬಿಟ್ಟಳು. ಕಪ್ಪು ಹೆಚ್ಚಿಸುವ ಕೀಲಿಯನ್ನು ಎರಡು ಸಲ ಒತ್ತಿ ಎರಡು ಪಾಯಿಂಟ್ ಏರಿಸಿದಳು. ವೇಣಿಯ ಮುಖ ಮೋಡ ಕವಿದಂತಾಗಿ ಹೊರಬಂತು. ಅರೆಕ್ಷಣ ಎಂಥ ತೃಪ್ತಿ...

ಮುರಳಿ ಪ್ರಿಂಟನ್ನು ಬಾಗಿಲ ಬೆಳಕಿಗೆ ಒಯ್ದು ತುಂಬಾ ಹೊತ್ತು ನೋಡಿದ. “ಏನೂ ಬದಲಾಯಿಸಿಲ್ಲ ತಾನೆ?”

“ಫೈಲಿನ್ಯಾಗ ಹೆಂಗ ಐತೋ ಹಂಗ.”

“ಹಾಗಾದ್ರೆ ನನ್ನದೇ ತಪ್ಪು. ಮಾನಿಟರ್ ಇನ್ನೂ ಇಳಿಸ್ಬೇಕು.” ಅವನು ನಂಬಿ ಹೊರಟುಹೋದ. ಅವಳ ತೃಪ್ತಿಯೂ ಅವನ ಹಿಂದೆಯೇ ಹೋಯಿತು.

ಆಮೇಲೆ ಅವನು ಬರಲಿಲ್ಲ. ಮದುವೆಗಳ ಕಾಲ, ಕೆಲಸ ಜಾಸ್ತಿ ಇರಬಹುದೆಂದು ಸಮಾಧಾನ ಹೇಳಿಕೊಂಡಳು. ಪ್ರತಿ ಸಲ ಬಾಗಿಲು ಸದ್ದಾದಾಗಲೂ ತಲೆಯೆತ್ತಿದಳು. ಕೊನೆಗೊಂದು ಬೆಳಿಗ್ಗೆ ಅವನು ಓಡುತ್ತ ಬಂದು ಸಿ.ಡಿ. ಇಟ್ಟ.

“ಮದುವೆ ಆಲ್ಬಂ. ಭಾನುವಾರ ಬೀಗರೂಟಕ್ಕೆ ಕೊಡ್ಬೇಕು. ಏನೂ ಮುಟ್ಬೇಡಿ, ನೀವು ಕೊಟ್ಟ ಪ್ರಿಂಟ್‌ಗೇ ಹೊಂದಿಸಿ ಮಾಡಿದೀನಿ.” ಬಂದಷ್ಟೇ ಬೇಗ ಹೋದ.

ಶಿವಗಂಗಾ ಸಿ.ಡಿ. ಹಾಕಿದಳು. ಮೊದಲ ಫೋಟೋದಲ್ಲೇ ವೇಣಿ! ಬಾಸಿಂಗ ಕಟ್ಟಿಕೊಂಡು, ತಲೆ ತಗ್ಗಿಸಿಕೊಂಡು... ಪಕ್ಕದಲ್ಲಿ ಯಾರೋ ದಪ್ಪ ಮೀಸೆಯ ಗಂಡು.

ಮುರಳಿಯಲ್ಲ.

ಅವಳಿಗೆ ಅಲ್ಲೇ ಕೂತು ಅಳಬೇಕೆನಿಸಿತು, ನಗಬೇಕೆನಿಸಿತು. ಮುಂದಿನ ಫೋಟೋ ತೆರೆದಳು, ಅದರ ಮುಂದಿನದು. ನಗು ನಿಂತಿತು. ಎಲ್ಲ ಮುಖಗಳೂ ಹಿಟ್ಟು ಬಳಿದಂತೆ ಬೆಳ್ಳಗಿದ್ದವು. ಅರಿಶಿನದ ಹಳದಿ ಇಲ್ಲ. ಧಾರೆ ಸೀರೆಯ ಜರಿ ಇಲ್ಲ. ಅವಳ ಕಪ್ಪು ಪ್ರಿಂಟಿಗೆ ಹೊಂದಿಸಲು ಅವನು ಮಾನಿಟರನ್ನು ಕತ್ತಲೆ ಮಾಡಿದ್ದ. ಆ ಕತ್ತಲೆಯಲ್ಲಿ ಮದುವೆಯೆಲ್ಲ ಕಪ್ಪಾಗಿ ಕಂಡು, ಒಂದೊಂದು ಫೋಟೋವನ್ನೂ ಬೆಳ್ಳಗೆ ಮಾಡಿದ್ದ.

ಇಲ್ಲೇ ಸರಿಮಾಡಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ... ಕಪ್ಪು ಹೆಚ್ಚಿಸಿ ನೋಡಿದಳು. ಮುಖಗಳು ಬೂದಿಬಣ್ಣಕ್ಕೆ ತಿರುಗಿದವೇ ಹೊರತು ಕಳೆದುಹೋದ ಜರಿ ಮರಳಲಿಲ್ಲ. ಕ್ಯಾಮೆರಾದಿಂದ ತೆಗೆದ ಮೂಲ ಫೈಲುಗಳಿಂದ ಎಲ್ಲವನ್ನೂ ಮತ್ತೆ ಮಾಡಬೇಕಿತ್ತು. ಅಂದರೆ ಅವನಿಗೆ ಹೇಳಲೇಬೇಕಿತ್ತು.

ಹಳೆಯ ಫೈಲಿನಿಂದ ವೇಣಿಯ ಒಂದು ಸರಿಯಾದ ಪ್ರಿಂಟ್ ತೆಗೆದಳು. ಅರ್ಧ ದಿನ ರಜೆ ಕೇಳಿ ಬಸ್ ಹತ್ತಿದಳು.

ಮುರಳಿಯ ಸ್ಟುಡಿಯೋದ ಪಕ್ಕದಲ್ಲೇ ಟೈಲರ್ ಅಂಗಡಿ. ಬಾಗಿಲಿಗೆ ಬೀಗ, ಬೋರ್ಡಿನಲ್ಲಿ ವೇಣಿಯ ಹೆಸರು. ದಿನಾ ನೋಡುವುದೆಂದರೆ ಇಷ್ಟೇ ಆಗಿತ್ತು.

“ಅರೆ, ನೀವಿಲ್ಲಿ?” ಮುರಳಿ ಎದ್ದು ನಿಂತ. ಅವನ ಮುಖದ ಸಂತೋಷ ಕಂಡು ಅವಳಿಗೆ ಮಾತು ಇನ್ನೂ ಕಷ್ಟವಾಯಿತು.

“ಆಲ್ಬಂ ಪ್ರಿಂಟ್ ಹಾಕಿಲ್ರಿ. ಎಲ್ಲಾ ಬೆಳ್ಳಗಾಗೇದ. ತಪ್ಪು ನಿಮ್ದಲ್ಲ. ಕಡೀ ಸಲ ಕೊಟ್ಟ ಪ್ರಿಂಟು ನಾನ ಬೇಕಂತ ಕಪ್ಪು ಮಾಡಿದ್ದೆ.”

ಅವನು ಅವಳು ತಂದಿದ್ದ ಸರಿಯಾದ ಪ್ರಿಂಟನ್ನು ತೆಗೆದುಕೊಂಡು ಮಾನಿಟರ್ ಪಕ್ಕ ಹಿಡಿದ. ಪರದೆ ಎಷ್ಟು ಕತ್ತಲೆಯಾಗಿತ್ತೆಂದು ಆಗ ಕಂಡಿತು.

“ಅವಳ ಮದುವೆ ಕಣ್ರೀ. ಅತ್ತೆ ಮನೆಯವ್ರ ಮುಂದೆ ಬಿಚ್ಚೋ ಆಲ್ಬಂ. ಹಾಗೇ ಹೋಗಿದ್ರೆ?”

“ಹೋಗಬಾರ್ದು ಅಂತ ಬಂದೆ.”

“ಯಾಕೆ ಹಾಗ್ ಮಾಡಿದ್ರಿ?”

ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಕಾರಣಗಳೆಲ್ಲ ಮರೆತುಹೋದವು. “ಹೊಟ್ಟಿಕಿಚ್ಚು ಬಂತ್ರಿ” ಅಂದಳು. “ಆಕಿ ಮುಖ ಅಷ್ಟು ಪ್ರೀತಿಯಿಂದ ನೋಡ್ತೀರಿ ಅಂತ ತಡಕೊಳ್ಳಾಕ ಆಗಲಿಲ್ಲ. ನೀವು ನನ್ನ ನೋಡಬೇಕು ಅಂತ ಆಸೆ ಇತ್ತು.” ಕಣ್ಣು ತುಂಬಿತು. “ಬೈರಿ ಬೇಕಾದ್ರ.”

ಮುರಳಿ ಬೈಯಲಿಲ್ಲ, ಕೈಯಲ್ಲಿದ್ದ ಪ್ರಿಂಟನ್ನು ಮೇಜಿನ ಮೇಲಿಟ್ಟ. ಅವಳು ಬಾಗಿಲ ಕಡೆ ತಿರುಗಿದಳು.

“ಎರಡನೇ ಪ್ರಿಂಟ್‌ಗೇ ನನ್ನ ಮಾನಿಟರ್ ಸರಿಯಾಗಿತ್ತು” ಅಂದ ಅವನು.

“ಮತ್ತ... ಆಮ್ಯಾಲ ಯಾಕ ಬರ್ತಿದ್ರಿ?”

“ಬರೋಕೆ ಬೇರೆ ನೆಪ ಇರ್ಲಿಲ್ಲ. ಆ ಕಪ್ಪು ಪ್ರಿಂಟ್ ತಪ್ಪು ಅಂತ ನನ್ನ ಕಣ್ಣಿಗೆ ಗೊತ್ತಾಯ್ತು ಶಿವಗಂಗಾ. ನನ್ನ ಕಣ್ಣಿಗಿಂತ ನಿಮ್ಮನ್ನೇ ನಂಬಿದೆ. ಅದು ನೋವಾಗಿದೆ, ಸುಳ್ಳು ಹೇಳಲ್ಲ.”

“ಮತ್ತ ನಂಬಾಕ ಆಗ್ತದೇನ್ರಿ?”

ಅವನು ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದ. “ಕೂತ್ಕೊಳ್ಳಿ. ಒಂದೊಂದೇ ಫೋಟೋ ಮತ್ತೆ ಮಾಡೋಣ.”

ಕೂತರು. ಅರಿಶಿನ ಹಳದಿಗೆ ಬಂತು, ಜರಿ ಮರಳಿತು. ಕೆಲಸದ ನಡುವೆ ಎಷ್ಟೋ ಸಲ ಮೌಸಿನ ಮೇಲೆ ಅವರ ಬೆರಳು ತಾಕಿದವು. ಯಾರೂ ಹಿಂದೆಗೆಯಲಿಲ್ಲ.

“ಭಾನುವಾರ ಬೀಗರೂಟಕ್ಕೆ ಬರ್ತೀರಾ?” ಅವನು ಪರದೆಯನ್ನೇ ನೋಡುತ್ತ ಕೇಳಿದ. “ವೇಣಿ ಗೆಳತಿಯರೆಲ್ಲ ಫೋಟೋ ತೆಗಿ ಅಂತ ಪ್ರಾಣ ತಿಂತಾರೆ.”

“ಎಷ್ಟು ಮಂದಿ ಅದಾರ?”

ಅವನು ನಕ್ಕುಬಿಟ್ಟ. “ಈಗ್ಲೇ ಶುರುವಾಯ್ತಾ?”

“ಹೂನ್ರಿ.”

“ಹಾಗಾದ್ರೆ ನನ್ನ ಪಕ್ಕದಲ್ಲೇ ಇರು.”

“ಇರ್ತೀನಿ.”