ಮೂರು ಪೆಟ್ಟಿನ ಕಾರು

ಅಂಗೈಯಗಲದ ಗಾಜಿನ ತಟ್ಟೆಯನ್ನು ಕ್ಷಮಾ ಕೆರೂರ ಆ ಕೆಂಪು ಸ್ಪೋರ್ಟ್ಸ್ ಕಾರಿನ ಮೂತಿಗೆ ಒತ್ತಿ ಹಿಡಿದಳು. ಮಿರಿಮಿರಿ ಮಿಂಚುತ್ತಿದ್ದ ಬಣ್ಣ ಗಾಜಿನೊಳಗೆ ಮಾಯವಾಗಿ, ಕೆಳಗಿನ ಬರಿಯ ತಗಡು ಕಾಣಿಸಿತು. ಎಡಗಡೆ ದೀಪದ ಹಿಂದೆ ಒಂದು ದೊಡ್ಡ ಹಳದಿ ಮಚ್ಚೆ ಮೂಡತೊಡಗಿತು.

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಹಳೆಯ ಕಾರು ಮಾರುವ ಚನ್ನವೀರ ಯಲಿಗಾರ, ಈ ಗಾಡಿಗೆ ಒಂದು ಗೀರೂ ಬಿದ್ದಿಲ್ಲವೆಂದು ಆಗಷ್ಟೇ ಆಣೆ ಇಟ್ಟು ಹೇಳಿದ್ದ. ಮಚ್ಚೆ ಕಂಡೊಡನೆ ಮಾತು ತಿರುಗಿಸಿದ.

“ಈ ಕನ್ನಡೀನ ಭಾಳ ನಂಬಬ್ಯಾಡ್ರಿ ಅಕ್ಕಾರ. ಇದನ್ನ ಮಾಡಿದಾಕಿ ಜನ್ಮದಾಗ ಒಂದ ಪಂಚರ್ ಹಾಕಿರಲಿಕ್ಕಿಲ್ಲ.”

ಕ್ಷಮಾ ನಗು ನುಂಗಿಕೊಂಡಳು. ಮಾಡಿದಾಕೆ ಅವಳೇ. ಪಂಚರ್ ಹಾಕಿರಲಿಲ್ಲ ಎಂಬುದೂ ನಿಜ.

ಎರಡು ಸಾವಿರದ ಅರವತ್ತೊಂದನೆಯ ಇಸವಿಯ ಆ ಹೊತ್ತಿಗೆ ಗಾಯಗನ್ನಡಿ ಬಂದು ಒಂಬತ್ತು ವರ್ಷವಾಗಿತ್ತು. ಲೋಹವೆಂದರೆ ಸಕ್ಕರೆಯ ಹಾಗೆ ಸಣ್ಣ ಹರಳುಗಳ ಒಟ್ಟಣೆ. ಬಡಿದರೆ, ಕಾಯಿಸಿದರೆ ಆ ಹರಳುಗಳ ಸಾಲು ತಪ್ಪುತ್ತದೆ. ಮೇಲೆ ಎಷ್ಟು ಪುಟ್ಟಿ ಮೆತ್ತಿ ಬಣ್ಣ ಹೊಡೆದರೂ ಮೊದಲಿನಂತಾಗುವುದಿಲ್ಲ. ಕಿವಿಗೆ ಕೇಳಿಸದ ದನಿಯೊಂದನ್ನು ಗಾಯಗನ್ನಡಿ ತಗಡಿನೊಳಗೆ ಕಳಿಸಿ, ಅದು ಮರಳುವ ಬಗೆಯಿಂದ ಹಳೆಯ ಪೆಟ್ಟುಗಳನ್ನೆಲ್ಲ ಗುರುತಿಸುತ್ತಿತ್ತು. ಕಾಯಿಸಿ ರಿಪೇರಿ ಮಾಡಿದ ಜಾಗ ಹಳದಿ, ಆಮೇಲೆ ತಣ್ಣನೆಯ ತಗಡಿಗೆ ಬಿದ್ದ ಪೆಟ್ಟು ಕೆಂಪು. ಒಂದು ಗಾಯವಾದರೆ ಗಾಡಿ ಮಾರಬಹುದು. ಅದೇ ಜಾಗದಲ್ಲಿ ಎರಡಾದರೆ ಲೋಹ ದಣಿದಿದೆ ಎಂದರ್ಥ. ಹದಿನೈದು ದಿನದೊಳಗೆ ಗಾಡಿಯನ್ನು ಪುಡಿಯಂತ್ರಕ್ಕೆ ಹಾಕಬೇಕು. ಈ ನಿಯಮ ಬರೆದವಳೂ ಕ್ಷಮಾಳೇ. ರಸ್ತೆಯಲ್ಲಿ ಸಾಯುವವರ ಸಂಖ್ಯೆ ಇಳಿದಿತ್ತು, ಅವಳಿಗೆ ಅದರ ಹೆಮ್ಮೆಯೂ ಇತ್ತು.

ಹಳದಿ ಮಚ್ಚೆಯ ನಡುವೆ ಮೂರು ಕೆಂಪು ಚುಕ್ಕೆಗಳು ಮೂಡಿದವು. ಎರಡನೆಯ ಗಾಯ ಎಂದು ಕನ್ನಡಿ ಬರೆದು, ತೀರ್ಪನ್ನು ತಾನಾಗಿಯೇ ದಾಖಲೆಗೆ ಕಳಿಸಿಬಿಟ್ಟಿತು.

ಯಲಿಗಾರನ ಮುಖ ಸಪ್ಪಗಾಯಿತು. ಕ್ಷಮಾ ಬಂದದ್ದು ಈ ಗಾಡಿಯನ್ನು ತನಗಾಗಿ ಕೊಳ್ಳಲು. ಇಪ್ಪತ್ತು ವರ್ಷದ ಕೆಳಗೆ ಉಣಕಲ್ ಕೆರೆಯ ದಂಡೆಯಲ್ಲಿ ಕೆಟ್ಟ ಸ್ಕೂಟರು ಹಿಡಿದು ನಿಂತಿದ್ದಾಗ ಇಂಥದೇ ಕಾರೊಂದು ಪಕ್ಕದಲ್ಲಿ ಹಾದುಹೋಗಿತ್ತು. ಅಂದಿನಿಂದ ಅವಳಿಗೆ ಅದರ ಹುಚ್ಚು. ಈ ಮಾದರಿ ತಯಾರಾಗುವುದು ನಿಂತು ಎಷ್ಟೋ ಕಾಲವಾಗಿತ್ತು. ಊರೂರು ಹುಡುಕಿ ಸಿಕ್ಕ ಒಂದೇ ಒಂದು ಗಾಡಿ ಇನ್ನು ಹದಿನೈದು ದಿನಕ್ಕೆ ಚೂರಾಗುವುದಿತ್ತು, ಅದೂ ಅವಳದೇ ಕನ್ನಡಿಯಿಂದ.

ಆದರೆ ಆ ಚುಕ್ಕೆಗಳು ಅವಳನ್ನು ಬಿಡಲಿಲ್ಲ. ಮೂರೂ ಒಂದೇ ಸಾಲಿನಲ್ಲಿದ್ದವು, ನಡುವಿನ ಅಂತರ ಒಂದೇ, ಪೆಟ್ಟಿನ ಜೋರೂ ಒಂದೇ, ಅದೂ ಒಳಗಿನಿಂದ ಬಿದ್ದಿದ್ದವು. ಯಾವ ಅಪಘಾತವೂ ಹೀಗೆ ಅಳತೆ ಹಿಡಿದು ಆಗುವುದಿಲ್ಲ. ರಿಪೇರಿ ಮಾಡಿದವರು ಯಾರು ಎಂದು ಕೇಳಿದಳು. ಯಲಿಗಾರ ಒಂದಷ್ಟು ಹೊತ್ತು ಆ ಕಡೆ ಈ ಕಡೆ ನೋಡಿ ಕೊನೆಗೆ ಬಾಯಿ ಬಿಟ್ಟ. ಗಾಯಗನ್ನಡಿ ಬರುವ ಮೊದಲೇ ಹಿಂದಿನ ಮಾಲೀಕ ಗಾಡಿಯನ್ನು ಸೇತುವೆಯ ಕಟ್ಟೆಗೆ ಗುದ್ದಿದ್ದ. ಹಳೇ ಹುಬ್ಬಳ್ಳಿಯಲ್ಲಿ ನೆಗ್ಗಿದ ತಗಡು ಬಡಿದು ಕೂರಿಸುವ ಟಿಂಕರ್ ದಸ್ತಗೀರಸಾಬರು ಅದನ್ನು ಸರಿಮಾಡಿದ್ದರು.

ಮರುದಿನ ಬೆಳಿಗ್ಗೆ ಕ್ಷಮಾ ಹೋದಾಗ ಎಪ್ಪತ್ತು ದಾಟಿದ ದಸ್ತಗೀರಸಾಬರು ಮಿರ್ಚಿ ಭಜಿ ಗಾಡಿಯೊಂದಕ್ಕೆ ಒಲೆ ಬಡಿಯುತ್ತ ಕೂತಿದ್ದರು. ಗಾಯಗನ್ನಡಿ ಬಂದ ಮೇಲೆ ಕಾರಿನ ಕೆಲಸ ಬರುವುದು ನಿಂತುಹೋಗಿತ್ತು. ನಿಯಮ ಬಿಟ್ಟರೂ ಗಾಯದ ಗಾಡಿಯನ್ನು ಯಾರೂ ಕೊಳ್ಳುವುದಿಲ್ಲವೆಂದ ಮೇಲೆ ರಿಪೇರಿ ಮಾಡಿಸುವವರು ಯಾರು? ಆದರೂ ಅವರ ಮುಖದಲ್ಲಿ ಕೊರಗು ಕಾಣಲಿಲ್ಲ. ಒಲೆಯೂ ತಗಡೇ ಅಲ್ಲವೇ ಎಂದು ನಕ್ಕು, ಕೂರಲು ಸ್ಟೂಲು ಕೊಟ್ಟು, ಚಹಾ ತರಿಸಿದರು. ಮೂರು ಚುಕ್ಕೆಯ ಮಾತು ಕೇಳಿ ಸುತ್ತಿಗೆ ಕೆಳಗಿಟ್ಟರು.

“ಅವು ನನ್ನವs ಅಕ್ಕಾರ. ಕೆಲಸ ಮುಗದ ಮರದಿನ, ತಗಡ ಪೂರಾ ತಣ್ಣಗಾದ ಮ್ಯಾಲೆ, ಒಳಗಿಂದ ಮೂರು ಸಲ ಬಡದು ಕೇಳಬೇಕು ಅಂತ ನಮ್ಮ ಉಸ್ತಾದ್ರು ಕಲಿಸಿದ್ರು. ಮೂರೂ ಸಲ ಒಂದ ದನಿ ಬಂದ್ರ ಗಾಡಿ ಬಿಡೂದು. ಇಲ್ಲಂದ್ರ ಬಿಚ್ಚಿ ಮತ್ತ ಮೊದಲಿಂದ.”

“ಮೂರು ಸಲ ಯಾಕ ಚಾಚಾ? ಒಂದ ಸಲ ಬಡದ್ರ ತಿಳಿಯಂಗಿಲ್ಲೇನು?”

“ಒಂದ ಸಲ ಆದ್ರ ಕಿವಿ ಮೋಸ ಮಾಡತೈತಿ.”

ಕ್ಷಮಾ ಚಹಾದ ಲೋಟ ಕೆಳಗಿಟ್ಟಳು. ತನ್ನ ಪ್ರಯೋಗಶಾಲೆಯಲ್ಲಿ ಅವಳೂ ಯಾವ ಅಳತೆಯನ್ನೂ ಮೂರು ಸಲ ನೋಡದೆ ಬರೆದವಳಲ್ಲ. ಗಾಡಿ ಗಟ್ಟಿಯಾಗಿದೆಯೇ ಎಂದು ಈ ಮನುಷ್ಯ ಮಾಡಿದ ಪರೀಕ್ಷೆಯನ್ನೇ ಅವಳ ಕನ್ನಡಿ ಗಾಯವೆಂದು ಬಗೆದಿತ್ತು. ಅಂದರೆ ಅರೆಬರೆ ಕೆಲಸ ಮಾಡಿ ಕೈತೊಳೆದುಕೊಂಡವರ ಗಾಡಿಗಳು ಉಳಿದವು, ಮೂರು ಸಲ ಬಡಿದು ನೋಡಿದವರ ಗಾಡಿಗಳು ಪುಡಿಯಾದವು. ಅಲ್ಲೇ ಕೂತು ಕನ್ನಡಿಯಲ್ಲಿ ಹಳೆಯ ದಾಖಲೆಗಳನ್ನು ತೆರೆದಳು. ಮೂರು ಕೆಂಪು ಚುಕ್ಕೆಯ ಕಾರಣಕ್ಕೆ ಒಂಬತ್ತು ವರ್ಷದಲ್ಲಿ ನಾನೂರ ಹನ್ನೆರಡು ಗಾಡಿಗಳು ಹೋಗಿದ್ದವು. ಅವಳಿಗೆ ತಲೆ ಎತ್ತಲಾಗದಷ್ಟು ನಾಚಿಕೆಯಾಯಿತು.

“ಚಾಚಾ, ಆ ಕನ್ನಡಿ ಮಾಡಿದಾಕಿ ನಾನs,” ಎಂದಳು.

ದಸ್ತಗೀರಸಾಬರು ಒಲೆಯ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು. ಬೈಯುತ್ತಾರೆಂದೇ ಅವಳು ಕಾದಿದ್ದಳು, ಬೈದರೆ ಒಳ್ಳೆಯದು ಎಂದೂ ಅನ್ನಿಸಿತ್ತು.

“ನೀವು ಅದಕ್ಕ ಬರೇ ಕಣ್ಣು ಇಟ್ಟೀರಿ,” ಎಂದರು ಕೊನೆಗೆ. “ಕಿವೀನೂ ಇಡ್ರಿ.”

ಆ ಮಾತು ಹಿಡಿದುಕೊಂಡು ಕ್ಷಮಾ ಹನ್ನೆರಡು ದಿನ ದುಡಿದಳು. ಊರಿನ ಗುಜರಿಯಿಂದ ಒಳ್ಳೆಯ ಕೆಲಸದ ತಗಡು, ಕೆಟ್ಟ ಕೆಲಸದ ತಗಡು ಎರಡನ್ನೂ ಹೊರಿಸಿ ತಂದಳು. ದಸ್ತಗೀರಸಾಬರು ಒಂದೊಂದನ್ನೇ ಬಡಿದು, ಸಂತೆಯಲ್ಲಿ ಮಡಕೆ ಕೊಳ್ಳುವವರಂತೆ ತಲೆ ವಾಲಿಸಿ ಕೇಳಿ, ಇದು ಗಟ್ಟಿ, ಇದು ಪೊಳ್ಳು ಎಂದು ಹೇಳುತ್ತ ಹೋದರು. ಪೆಟ್ಟಿನ ದನಿ ತಗಡಿನಲ್ಲಿ ಎಷ್ಟು ಹೊತ್ತು ಉಳಿಯುತ್ತದೆ, ಎಲ್ಲಿ ಒಡೆಯುತ್ತದೆ ಎಂಬುದನ್ನು ಕನ್ನಡಿ ಕಲಿಯಿತು. ಆಮೇಲೆ ಆ ತಗಡುಗಳನ್ನೆಲ್ಲ ಯಂತ್ರಕ್ಕೆ ಕೊಟ್ಟು ಮುರಿದು ನೋಡಿದರು. ಮುದುಕರು ಹೇಳಿದ್ದರಲ್ಲಿ ಎರಡು ಮಾತ್ರ ತಪ್ಪಾಗಿದ್ದವು. ಆ ಎರಡಕ್ಕೆ ಅವರು ಒಂದು ದಿನವಿಡೀ ಮುಖ ಗಂಟಿಕ್ಕಿಕೊಂಡಿದ್ದರು.

ಹದಿನಾಲ್ಕನೆಯ ದಿನ ಕ್ಷಮಾ ಗಾಡಿಗಳ ನಿಯಮ ನೋಡಿಕೊಳ್ಳುವ ಸಮಿತಿಯ ಮುಂದೆ ತನ್ನ ತಪ್ಪನ್ನು ತಾನೇ ಓದಿ ಹೇಳಿದಳು. ನಿಯಮ ಬದಲಾಯಿತು. ಕೆಂಪು ಕಾರಿನ ಮೇಲೆ ಹೊಸ ಕನ್ನಡಿ ಇಟ್ಟಾಗ ಹಳದಿ ಮಚ್ಚೆಯೂ ಕಂಡಿತು, ಮೂರು ಚುಕ್ಕೆಯೂ ಕಂಡವು. ಕೆಳಗೆ ‘ಗಾಯ ಒಂದು, ಮಾಯ್ದಿದೆ’ ಎಂದು ಬರೆದಿತ್ತು.

ವರ್ಷ ಕಳೆಯುವಷ್ಟರಲ್ಲಿ ಕೊಳ್ಳುವವರ ಪ್ರಶ್ನೆಯೇ ಬೇರೆಯಾಯಿತು. ರಿಪೇರಿ ಆಗಿದೆಯೇ ಎಂದು ಕೇಳುತ್ತಿದ್ದವರು ಯಾರ ಕೈಯದು ಎಂದು ಕೇಳತೊಡಗಿದರು. ಗೀರೇ ಇಲ್ಲವೆಂದು ಆಣೆ ಇಡುತ್ತಿದ್ದ ಯಲಿಗಾರ ಈಗ ಗಾಜಿನ ಮೇಲೆ ‘ದಸ್ತಗೀರಸಾಬರ ಕೈ’ ಎಂದು ದೊಡ್ಡದಾಗಿ ಬರೆಸುತ್ತಿದ್ದ. ಒಂದೆರಡು ಸಲ ಅವರು ಮುಟ್ಟದ ಗಾಡಿಯ ಮೇಲೂ ಬರೆಸಿ ಸಿಕ್ಕಿಬಿದ್ದ.

ಅದಕ್ಕೂ ಮೊದಲು, ಕಾರು ಮನೆಗೆ ಬಂದ ಭಾನುವಾರವೇ ಕ್ಷಮಾ ಚಾಚಾರನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಣಕಲ್ ದಂಡೆಗೆ ಹೋದಳು. ಅವರು ಕಿಟಕಿಯಾಚೆ ನೋಡಲೇ ಇಲ್ಲ. ದಾರಿಯುದ್ದಕ್ಕೂ ಎಡಗಡೆಯ ತಗಡಿನ ಸದ್ದಿಗೆ ಕಿವಿಗೊಟ್ಟು ಕೂತಿದ್ದರು. ಕ್ಷಮಾಳಿಗೆ ಹೊಟ್ಟೆ ತುಂಬ ಸಂತೋಷವಾಗಿತ್ತು.

ಆಗ ಅವಳಿಗೆ ಅಪ್ಪನ ನೆನಪಾಯಿತು. ಅದು ಎರಡು ಸಾವಿರದ ಇಪ್ಪತ್ತೈದನೆಯ ಇಸವಿ, ಅವಳಿಗೆ ಹದಿನೈದು ವರ್ಷ. ಹಳೆಯ ಕಾರೊಂದನ್ನು ನೋಡಲು ಅಪ್ಪ ಅವಳನ್ನೂ ಕರೆದುಕೊಂಡು ಹೋಗಿದ್ದ. ಬಾಗಿಲ ಸಂದುಗಳಿಗೆ ಬೆರಳಿಟ್ಟು ಅಳೆದ, ಬಾನೆಟ್ಟಿನ ಬೋಲ್ಟುಗಳಲ್ಲಿ ಪಾನಾ ತಾಗಿದ ಗುರುತು ಹುಡುಕಿದ, ಕರವಸ್ತ್ರದಲ್ಲಿ ಸುತ್ತಿ ತಂದಿದ್ದ ಅಯಸ್ಕಾಂತವನ್ನು ಮೈಯೆಲ್ಲ ಆಡಿಸಿದ. ಹಿಂದಿನ ಬಾಗಿಲಲ್ಲಿ ಒಂದು ಕಡೆ ಅದು ಹಿಡಿಯಲಿಲ್ಲ. ಒಳಗೆ ಪುಟ್ಟಿ ಇದೆ ಎಂದು ಪಿಸುಗುಟ್ಟಿ ಮಗಳ ಕೈ ಹಿಡಿದು ಹೊರಟುಬಿಟ್ಟ. ಆ ಬಾಗಿಲನ್ನು ಬಡಿದು ಸರಿಮಾಡಿದವನು ಅಲ್ಲೇ ಬೇವಿನ ಮರದ ಕೆಳಗೆ ಸುತ್ತಿಗೆ ಹಿಡಿದು ಕೂತಿದ್ದ, ಏನೋ ಹೇಳಲು ಎದ್ದೂ ನಿಂತಿದ್ದ. ಅಪ್ಪ ಅವನ ಕಡೆ ನೋಡಲಿಲ್ಲ. ಗಾಯಗನ್ನಡಿ ಮಾಡುವಾಗ ಕ್ಷಮಾಳೂ ನೋಡಿರಲಿಲ್ಲ.