ಚೌಕಗಳ ಊರು ಯಾರದು

ಪುಕ್ಕಟೆ ಕಂಪ್ಯೂಟರ್ ಆಟವೊಂದನ್ನು ಕಟ್ಟಲು ಕಾಂತರಾಜನಿಗೆ ಎರಡು ವರ್ಷ ಹಿಡಿದಿತ್ತು. ಜೊತೆಗೆ ಒಂದು ಸುಟ್ಟುಹೋದ ಕಂಪ್ಯೂಟರ್, ಎರಡು ಸಲ ಬದಲಾದ ಕನ್ನಡಕ, ಹೆಂಡತಿಯೊಡನೆ ಲೆಕ್ಕವಿಲ್ಲದಷ್ಟು ಜಗಳ. ಚೌಕ ಚೌಕದ ಇಟ್ಟಿಗೆ ಪೇರಿಸಿ ಮಕ್ಕಳು ತಮಗೆ ಬೇಕಾದ ಮನೆ, ಕೋಟೆ ಕಟ್ಟಿಕೊಳ್ಳುವ ಆಟ ಅದು. ಅದನ್ನು ಇಂಟರ್ನೆಟ್ಟಿಗೆ ಬಿಟ್ಟ ದಿನವೇ ಕೆಳಗೆ ಯಾರೋ ಬರೆದರು: 'ಹೊರದೇಶದ ಆಟದ ನಕಲು. ಬಣ್ಣ ಬಳಿದಿದ್ದಾನೆ ಅಷ್ಟೆ.' ಮಾತು ನಿಜವೇ ಆಗಿತ್ತು. ಅದಕ್ಕೇ ಹೆಚ್ಚು ಉರಿಯಿತು.

ಅದೇ ವರ್ಷ, ತರೀಕೆರೆಯ ಅವನ ಕಂಪ್ಯೂಟರ್ ಕ್ಲಾಸಿನಲ್ಲೇ ಹಿಂದೆ ಕಲಿತುಹೋಗಿದ್ದ ಯಗಟಿಯ ಸ್ಪಂದನಾ ಒಂದು ಆಟ ಮಾಡಿದಳು. ಅದೂ ಪುಕ್ಕಟೆ, ಅದೂ ಚೌಕಗಳದ್ದೇ. ಆದರೆ ಅವಳ ಚೌಕಗಳಲ್ಲಿ ರಾಗಿ ಹೊಲ, ತೆಂಗಿನ ತೋಟ, ಕುರಿ ಕೂಡಿಹಾಕುವ ರೊಪ್ಪ ಎದ್ದಿದ್ದವು. ಅಜ್ಜಂಪುರದವರೆಗೂ ಮಕ್ಕಳು "ಇದು ನಮ್ದು ಕಣ್ರೀ" ಎಂದು ಆಡತೊಡಗಿದರು. ಅಷ್ಟರಲ್ಲಿ ಕಡೂರಿನ ಕಾಲೇಜೊಂದು ಸ್ವಂತ ಆಟಗಳ ಸ್ಪರ್ಧೆ ಇಟ್ಟಿತು. ಗೆದ್ದ ಆಟ ಸುತ್ತಲಿನ ಶಾಲೆಗಳಿಗೆಲ್ಲ ಹೋಗುತ್ತದೆ. ಸ್ಪಂದನಾ ತನ್ನ ಆಟ ಕಳಿಸಿದಳು. ಆ ಹೆಸರು ತನಗೆ ಬರಬೇಕು, ನಕಲು ಎಂಬ ಮಸಿ ಅವಳ ಮುಖಕ್ಕೆ ಮೆತ್ತಬೇಕು ಎಂದು ಕಾಂತರಾಜ ನಿಶ್ಚಯಿಸಿದ.

ಉಪಾಯ ಸರಳವಾಗಿತ್ತು. ಅವಳ ಆಟವನ್ನು ಪೂರ್ತಿ ಇಳಿಸಿಕೊಂಡ. ಕ್ಲಾಸಿನ ಮೂಲೆಯ ಹಳೇ ಕಂಪ್ಯೂಟರಿನ ತಾರೀಖನ್ನು ಮೂರು ವರ್ಷ ಹಿಂದಕ್ಕೆ ತಿರುಗಿಸಿ ಅದರಲ್ಲಿ ತುಂಬಿದ. ರೊಪ್ಪವನ್ನು ಊರಿನ ಇನ್ನೊಂದು ಬದಿಗೆ ಸರಿಸಿದ. ತೆಂಗನ್ನು ಅಡಿಕೆ ಮಾಡಿದ. ಕಪ್ಪು ಕುರಿಗೆ ಬಿಳಿ ಬಣ್ಣ ಹಚ್ಚಿದ. ಇದೇ ತನ್ನ ಮೊದಲ ಆಟ, ಕಲಿಯಲು ಬಂದಾಗ ಹುಡುಗಿ ಕದ್ದೊಯ್ದಳು ಎಂದರೆ ನಂಬದವರು ಯಾರು? ಅವಳು ಬಂದಿದ್ದಕ್ಕೆ ಹಾಜರಿ ಪುಸ್ತಕವೇ ಸಾಕ್ಷಿ. ಆ ಆಟದ ಜೊತೆಗೇ ಕಾಲೇಜಿಗೆ ದೂರು ಬರೆದು ಕಳಿಸಿದ.

ತೀರ್ಪುಗಾರರಾದ ದೇವೀರಪ್ಪ ಮೇಷ್ಟ್ರು ಇಬ್ಬರನ್ನೂ ಕಾಲೇಜಿಗೆ ಕರೆಸಿದರು. ಸ್ಪಂದನಾ ಅಜ್ಜಿ ದ್ಯಾಮಮ್ಮನ ಜೊತೆ ಬಂದಳು.

"ಏನಮ್ಮಾ, ಕೀಬೋರ್ಡ್ ಹಿಡಿಯೋದು ಕಲ್ಸಿದ್ದು ನಾನು. ನನ್ನ ಮನೆಗೇ ಕನ್ನ ಹಾಕ್ಬಿಟ್ಯಲ್ಲ?" ಎಂದ ಕಾಂತರಾಜ, ಎಲ್ಲರಿಗೂ ಕೇಳುವಂತೆ.

"ನಾನ್ ಯಾರ್ದೂ ಕದ್ದಿಲ್ಲ ಸಾರ್." ಸ್ಪಂದನಾ ಮೇಷ್ಟ್ರ ಕಡೆ ತಿರುಗಿದಳು.

"ಎರಡೂ ಒಂದೇ ಅನ್ನೋದು ಕಾಣ್ತದೆ. ನಿಮ್ದೇ ಮೊದ್ಲು ಅನ್ನೋಕೆ ತಾರೀಖು ಬಿಟ್ಟು ಬೇರೇನಿದೆ ಕಾಂತರಾಜ್?" ಎಂದರು ಮೇಷ್ಟ್ರು.

ಇದಕ್ಕೂ ಅವನು ಸಿದ್ಧನಾಗಿದ್ದ. ಕುರಿಯನ್ನು ಪರದೆಯ ತುಂಬ ದೊಡ್ಡದು ಮಾಡಿದ. ಅದರಲ್ಲೊಂದು ಕುಂದು ಹಿಂದಿನ ವಾರವೇ ಕಣ್ಣಿಗೆ ಬಿದ್ದಿತ್ತು. ಹುಡುಗಿಯ ಎಡವಟ್ಟು ಎಂದುಕೊಂಡು, ಬೇಕೆಂದೇ ಹಾಗೇ ಉಳಿಸಿದ್ದ. "ನೋಡಿ ಸಾರ್, ಎಡಗಿವಿ ತುದೀಲಿ ಒಂದು ಚೌಕ ಇಲ್ಲ. ಅವಸರದಲ್ಲಿ ನಾನೇ ಬಿಟ್ಬಿಟ್ಟಿದ್ದೆ. ಇವಳ ಕುರೀಲೂ ಅದೇ ಚೌಕ ಇಲ್ಲ. ನನ್ನ ತಪ್ಪನ್ನೂ ಬಿಡ್ದೆ ಕದ್ದವ್ಳೆ!" ಮೇಷ್ಟ್ರು ತಲೆದೂಗಿದರು. ಇನ್ನು ಗೆದ್ದಂತೆಯೇ ಎಂದುಕೊಂಡ ಕಾಂತರಾಜ.

ದ್ಯಾಮಮ್ಮ ಎದ್ದು ಪರದೆಯ ಹತ್ತಿರ ಹೋದಳು. "ಏನಪ್ಪಾ, ಇದು ತಪ್ಪಾ? ಕುರಿ ಬೇರೇರ ಮಂದೇಲಿ ಸೇರ್ಕೊಂಡ್ರೆ ಗುರ್ತು ಸಿಗ್ಲಿ ಅಂತ ಒಂದೊಂದ್ ಮನೇರು ಒಂದೊಂದ್ ಥರ ಕಿವಿ ಕೊಯ್ತೀವಿ ಕಣೋ. ಎಡಗಿವಿ ತುದಿ ಹಿಂಗೆ ಕೊಯ್ಯೋದು ನಮ್ಮನೇದು, ನಮ್ಮಾವನ ಕಾಲದ್ದು. ಬಣ್ಣ ಹಚ್ಬಿಟ್ರೆ ನಮ್ಮ ಕುರಿ ನಿಂದಾಯ್ತದಾ?" ಸ್ಪಂದನಾ ಫೋನಿನಲ್ಲಿದ್ದ ಮನೆಯ ರೊಪ್ಪದ ಫೋಟೋ ತೆರೆದು ಮೇಷ್ಟ್ರ ಮುಂದಿಟ್ಟಳು. ಹದಿನೆಂಟು ಕುರಿ, ಹದಿನೆಂಟಕ್ಕೂ ಎಡಗಿವಿಯಲ್ಲಿ ಅದೇ ಕಚ್ಚು. ಆಟ ಅವಳ ಹೆಸರಿನಲ್ಲೇ ಶಾಲೆಗಳಿಗೆ ಹೋಯಿತು. ತರೀಕೆರೆಯಲ್ಲಿ ಕಾಂತರಾಜನ ಹತ್ತಿರ ಮಕ್ಕಳನ್ನು ಕಳಿಸುವವರು ಇಲ್ಲವಾದರು. ಎರಡು ತಿಂಗಳಿಗೆ ಕ್ಲಾಸಿನ ಬಾಗಿಲು ಮುಚ್ಚಿತು.